ಬಲೆ ಬರಿದಾಗಿ ಬಂದ ಜಾಗ

“ಏಳೇ, ಹೆಬ್ಬೂರು ಬಸ್ಸು ಹೋಗ್ಬುಡ್ತದೆ,” ಎಂದು ಸಿದ್ದಗಂಗಮ್ಮ ಹಾಲಿನ ತಂಬಿಗೆ ಹಿಡಿದು ಬಾಗಿಲಲ್ಲೇ ನಿಂತರು. ಮಗಳು ಸಂಧ್ಯಾ ಲ್ಯಾಪ್‌ಟಾಪಿನಿಂದ ಕಣ್ಣೆತ್ತಲಿಲ್ಲ.

ದಕ್ಷಿಣ ಧ್ರುವದ ಕಡಲಿಗೆ ಹೋದ ಹಡಗಿನಲ್ಲಿ ಅವಳಿದ್ದಾಗಲೇ ತಂದೆ ಚನ್ನವೀರಯ್ಯ ತೀರಿಕೊಂಡಿದ್ದರು. ಹಡಗು ತಿರುಗುವಂತಿರಲಿಲ್ಲ. ಹೆಬ್ಬೂರಿನ ತೆಂಗಿನ ತೋಟದಲ್ಲಿ ಮಣ್ಣು ಮಾಡಿ, ಕಾರ್ಯವೂ ಮುಗಿದ ಮೇಲೆ ಅವಳು ತುಮಕೂರಿಗೆ ಬಂದಳು. ಬಂದವಳು ಸಮಾಧಿಗೆ ಹಾಲು ಬಿಡಲು ಮಾತ್ರ ಒಪ್ಪುತ್ತಿಲ್ಲ. ಇವತ್ತು ನಾಳೆ ಎನ್ನುತ್ತ, ಬಾಗಿಲ ಬಳಿಯಿದ್ದ ಅಪ್ಪನ ಚಪ್ಪಲಿಯನ್ನೂ ಯಾರಿಗೂ ತೆಗೆಯಗೊಡದೆ, ಸದಾಶಿವನಗರದ ಮನೆಯಲ್ಲಿ ಆ ಕಡಲಿನ ನಕ್ಷೆಯ ಮುಂದೆ ಕೂತುಬಿಟ್ಟಿದ್ದಾಳೆ.

“ಅದೇನೇ ಅಷ್ಟೊಂದು ಚುಕ್ಕಿ, ಸುತ್ತು?”

“ತಳಕ್ಕೆ ಬಲೆ ಬಿಟ್ಟಿದ್ವಲ್ಲಮ್ಮ. ನಕ್ಷತ್ರ ಮೀನು ಸಿಕ್ಕಿದ ಕಡೆ ಚುಕ್ಕಿ, ಸಿಗದೆ ಇದ್ದ ಕಡೆ ಬರೀ ಸುತ್ತು. ಇಲ್ಲ ಅನ್ನೋದನ್ನೂ ಗುರುತು ಹಾಕ್ಬೇಕು.”

“‘ನನ್ ಕನ್ನಡಕ ಹುಡುಕ್ಕೊಡಕ್ಕಾಗಲ್ಲ, ಐಸ್ ಕೆಳಗೆ ಮೀನು ಹುಡುಕ್ತಾಳಂತೆ’ ಅಂತಿದ್ರು ನಿಮ್ಮಪ್ಪ.” ಸಿದ್ದಗಂಗಮ್ಮ ತಂಬಿಗೆ ಕೆಳಗಿಟ್ಟು ಬಗ್ಗಿ ನೋಡಿದರು. “ಇಲ್ಲೊಂದ್ಕಡೆ ಏನೂ ಹಾಕೇ ಇಲ್ವಲ್ಲೇ?”

ಸಂಧ್ಯಾಳ ಬೆರಳು ನಿಂತಿತು. “ಆ ಬಲೆ ಮೇಲೆ ಬರೋವಾಗ್ಲೇ ಮನೆಯಿಂದ ಫೋನ್ ಬಂದಿದ್ದು. ನಾನು ಒಳಗೋದೆ. ನಮ್ ಜೊತೆಗಿದ್ದ ಶಿವಮೂರ್ತಿ ಸರ್ ಬಲೆ ಬಿಚ್ಚಿದ್ರು. ಒಂದೂ ಇರ್ಲಿಲ್ಲ, ಸುತ್ತು ಹಾಕು ಅಂತ ದಿನಾ ಮೆಸೇಜು. ನಾನ್ ನೋಡ್ಲಿಲ್ವಲ್ಲಮ್ಮ.”

“ಅವ್ರೇನು ಸುಳ್ಳು ಹೇಳೋರಾ?”

“ಅಯ್ಯೋ, ಇಲ್ಲ.”

“ಮತ್ತೆ?”

ಸಿದ್ದಗಂಗಮ್ಮ ಮಗಳ ಪಕ್ಕದಲ್ಲಿ ಗೋಡೆಗೊರಗಿ ಕೂತರು.

“ನಾನ್ ನೋಡಿದೀನಿ ಕಣೇ, ನಿಮ್ಮಪ್ಪನ್ನ. ಹಣೆ ತುಂಬ ವಿಭೂತಿ ಹಚ್ಚಿ ಕೂರ್ಸಿದ್ರು. ಕತ್ತು ವಾಲ್ತಿತ್ತು, ನಿಮ್ ಚಿಕ್ಕಪ್ಪ ಹಿಡ್ಕೊಂಡಿದ್ದ. ಕೈ ತಣ್ಣಗಿತ್ತು. ನಾನೇ ಮುಟ್ಟಿ ನೋಡ್ದೆ.”

“ಕನ್ನಡಕ?”

“ತೆಗೆದಿಟ್ಟಿದೀನಿ.”

ಸಂಧ್ಯಾ ನಕ್ಷೆಗೆ ತಿರುಗಿದಳು. ಆ ಬಿಟ್ಟ ಜಾಗದಲ್ಲಿ ಒಂದು ಸುತ್ತು ಮೂಡಿತು. ಲ್ಯಾಪ್‌ಟಾಪ್ ಮುಚ್ಚಿ, ಮುಖ ತೊಳೆದು ಬಂದು, ತಂಬಿಗೆ ತಾನೇ ಎತ್ತಿಕೊಂಡಳು.

ಹೊಸ್ತಿಲು ದಾಟಿದವಳು ಬಾಗಿ, ಇನ್ನೊಂದು ಕೈಯಲ್ಲಿ ಅಪ್ಪನ ಚಪ್ಪಲಿಯನ್ನೂ ತೆಗೆದುಕೊಂಡಳು. ಸುತ್ತಲೂ ತೆಳ್ಳಗೆ ಧೂಳು ಕೂತಿತ್ತು. ಚಪ್ಪಲಿಯಿದ್ದಷ್ಟು ಜಾಗದಲ್ಲಿ ಮಾತ್ರ, ಎರಡು ಪಾದದ ಅಗಲಕ್ಕೆ, ನೆಲ ಕೆಂಪಗೆ ಹೊಳೆಯುತ್ತಿತ್ತು.