ತೆಪ್ಪದ ಅಂಚು

ಬೆಳಗಾಗುವುದರೊಳಗೆ ತುಂಗಭದ್ರೆ ಗದ್ದೆ ದಾಟಿ, ಹೊನ್ನಾಳಿ ಆಚೆಯ ಆ ನಾಲ್ಕಾರು ಮನೆಗಳ ಹೊಸಿಲಿಗೆ ಬಂದಿತ್ತು. ಕಲ್ಪನಾಳ ಗಂಡ ಕೊಟ್ರೇಶ್ ದಾವಣಗೆರೆಗೆ ಹೋಗಿದ್ದ. ಮೀನು ಹಿಡಿಯುವ ಕರೀಮ್ ತೆಪ್ಪ ತಂದು ಅವಳನ್ನು, ಅವಳ ಪುಟ್ಟ ಮಗಳನ್ನು, ಪಕ್ಕದ ಮನೆಯ ದೊಡ್ಡಕ್ಕನನ್ನು, ಕೂಲಿಗೆ ಬಂದು ಸಿಕ್ಕಿಬಿದ್ದಿದ್ದ ಇಬ್ಬರು ಹೆಂಗಸರನ್ನು ಹತ್ತಿಸಿಕೊಂಡ. ಮಾವ ಪಂಚಾಕ್ಷರಪ್ಪ ಮಾತ್ರ, "ಎತ್ತಿನ ಕಣ್ಣಿ ಬಿಚ್ಚಿ ಬರ್ತೀನಿ, ನೀವು ನಡೀರಿ" ಎಂದು ಕೊಟ್ಟಿಗೆ ಕಡೆ ಹೋದರು.

ತೆಪ್ಪ ನಡುನೀರಿಗೆ ಬರುವಷ್ಟರಲ್ಲಿ ಕೊಟ್ಟಿಗೆ ಕುಸಿಯಿತು. ಹೊಳೆ ಮಾವನನ್ನು ಎಳೆದು ತಂದು ತೆಪ್ಪಕ್ಕೇ ಬಡಿಯಿತು. ಅವರು ಎರಡೂ ಕೈಯಿಂದ ಅಂಚು ಹಿಡಿದರು. ತೆಪ್ಪ ವಾಲಿತು, ನೀರು ಒಳನುಗ್ಗಿತು.

"ಮೇಲೆ ಹತ್ತಬ್ಯಾಡ್ರಿ ಯಜಮಾನ್ರೇ! ಎಲ್ರೂ ಮುಳುಗ್ತೀವಿ!" ಕರೀಮ್ ಕೂಗಿದ.

ಮುಳುಗುವವರಿಗೆ ಕಿವಿ ಎಲ್ಲಿ? ಮಾವ ಮೊಣಕೈ ಊರಿ ಮೇಲೇರಲು ನೋಡಿದರು. ಕೂತಿದ್ದ ಮಗುವಿನ ಎದೆಮಟ್ಟಕ್ಕೆ ನೀರು ಬಂತು. ಕರೀಮ್ ಹುಟ್ಟು ಎತ್ತಿದ. ಎತ್ತಿದವನು ಹಾಗೇ ನಿಂತ. "ಯಾ ಅಲ್ಲಾ, ನನ್ ಕೈಲಿ ಆಗಲ್ಲ" ಎಂದು ಇಳಿಸಿ ಬೆನ್ನು ತಿರುಗಿಸಿಬಿಟ್ಟ.

ಕಲ್ಪನಾ ಮಗುವನ್ನು ದೊಡ್ಡಕ್ಕನ ಮಡಿಲಿಗೆ ತಳ್ಳಿ ಮುಂದೆ ಬಾಗಿದಳು. ಮಾವನ ಬೆರಳು ಬಿಡಿಸಿದಳು. ಮುದಿ ಕೈ, ಆದರೂ ಉಡದ ಹಿಡಿತ. ಒಂದು ಕೈ ಬಿಡಿಸಿದ ಮೇಲೆ ಇನ್ನೊಂದು ತಾನೇ ಜಾರಿತು.

ಹೆಣ ಕೆಳಗಿನೂರಿನ ಜಾಲಿ ಪೊದೆಯಲ್ಲಿ ಸಿಕ್ಕಿತು. ಕರೀಮ್ ಹುಟ್ಟು ಎತ್ತಿದ್ದನ್ನು ದೂರದ ದಂಡೆಯ ಮೇಲಿದ್ದವರು ಕಂಡಿದ್ದರು. ಅಷ್ಟು ಸಾಕಾಯಿತು. ಸಾಬಿ ಹೊಡೆದು ಮುಳುಗಿಸಿದ ಎಂದು ಊರಿಗೆ ಊರೇ ಮಾತಾಡಿತು. ಪೊಲೀಸರು ಅವನನ್ನು ಕರೆದೊಯ್ದರು. ಕೂಲಿ ಹೆಂಗಸರು ಕಣ್ಣು ಮುಚ್ಚಿಕೊಂಡು ಕೂತಿದ್ದೆವು ಅಂದರು. ಕಲ್ಪನಾ ಬೆರಳು ಬಿಡಿಸಿದ್ದನ್ನು ಕಂಡವಳು ದೊಡ್ಡಕ್ಕ ಒಬ್ಬಳೇ.

"ಬಾಯಿ ಬಿಡಬ್ಯಾಡ ನೋಡು," ಅವಳು ಕಲ್ಪನಾಳಿಗೆ ಹೇಳಿದಳು. "ನೀನು ಜೈಲಿಗೆ ಹೋದ್ರೆ ಕೂಸಿನ ಗತಿ? ನಮ್ಮ ಐದು ಜೀವ ಉಳಿಸಿದ್ದು ಪಾಪ ಹೆಂಗಾಗ್ತೈತೆ?"

ಶಿವಮೊಗ್ಗದಲ್ಲಿ ಬಿ.ಎ. ಓದುವಾಗ ಕಲ್ಪನಾಳಿಗೆ ನೀತಿಶಾಸ್ತ್ರವೂ ಒಂದು ವಿಷಯವಾಗಿತ್ತು. ಹೆಚ್ಚು ಜನರಿಗೆ ಒಳಿತಾಗುವುದೇ ಸರಿ ಎನ್ನುವ ವಾದವನ್ನೂ, ಎಷ್ಟೇ ಒಳಿತಾದರೂ ಮನುಷ್ಯನನ್ನು ಬಲಿ ಕೊಡಕೂಡದು ಎನ್ನುವ ವಾದವನ್ನೂ ಪರೀಕ್ಷೆಯಲ್ಲಿ ಚೆನ್ನಾಗಿಯೇ ಬರೆದಿದ್ದಳು. ಐದು ಜೀವದ ಲೆಕ್ಕ ಅವಳಿಗೂ ಹೊಳೆದಿತ್ತು. ಆದರೆ ಆ ಹೊತ್ತಿನಲ್ಲಿ ಅವಳು ಐವರನ್ನು ನೆನೆದಿರಲಿಲ್ಲ, ಮಗಳನ್ನಷ್ಟೇ ನೆನೆದಿದ್ದಳು. ಅದನ್ನು ಯಾರ ಮುಂದೆ ಹೇಳುವುದು? ಈಗ ಸುಮ್ಮನಿದ್ದರೆ ತನ್ನ ಮನೆ ಉಳಿಯುತ್ತದೆ, ಕರೀಮನ ಮನೆ ಮುಳುಗುತ್ತದೆ. ಮಾವನ ಕೈ ಬಿಡಿಸುವಾಗ ಯೋಚಿಸಲು ಹೊತ್ತಿರಲಿಲ್ಲ. ಇದಕ್ಕೆ ಬೇಕಾದಷ್ಟು ಹೊತ್ತಿತ್ತು. ಅದಕ್ಕೇ ಅನ್ನ ಸೇರಲಿಲ್ಲ.

ಮಾವನ ಶಿವಗಣಾರಾಧನೆಯ ದಿನ ನೆಂಟರೆಲ್ಲ ಪಂಕ್ತಿಗೆ ಕೂತಿದ್ದಾಗ ಕರೀಮನ ಹೆಂಡತಿ ರೋಶನಬಿ ಅಂಗಳಕ್ಕೆ ಬಂದಳು. ಯಾರೋ ಗದರಿದರು. ಅವಳು ಅಲ್ಲಾಡಲಿಲ್ಲ.

"ಅಕ್ಕಾ, ನೀವು ತೆಪ್ಪದಾಗೇ ಇದ್ರಿ. ನಮ್ಮನೆಯವ್ರು ಹೊಡೆದಿದ್ರೆ ಹೊಡೆದ್ರು ಅನ್ರಿ, ಹೋಗ್ತೀನಿ."

ಕಲ್ಪನಾಳ ಕೈಯಲ್ಲಿ ಪಾಯಸದ ಪಾತ್ರೆ ಇತ್ತು. ಅದನ್ನು ಕೆಳಗಿಟ್ಟಳು. "ಕರೀಮಣ್ಣ ಹೊಡೀಲಿಲ್ಲ. ಮಾವನ ಕೈ ಬಿಡಿಸಿದ್ದು ನಾನು."

ದೊಡ್ಡಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಪಂಕ್ತಿಯಲ್ಲಿ ಒಬ್ಬೊಬ್ಬರೇ ಎಲೆ ಬಿಟ್ಟು ಎದ್ದರು. ಕೊಟ್ರೇಶ್ ಹತ್ತಿರ ಬಂದ. ಹೊಡೆಯುತ್ತಾನೆಂದು ಅವಳು ಕಾದಳು. ಅವನು ಕೇಳಿದ್ದು ಒಂದೇ ಮಾತು.

"ಅಪ್ಪ ನಿನ್ನ ಮುಖ ನೋಡಿದ್ನಾ?"

ಇಲ್ಲ ಅನ್ನಬಹುದಿತ್ತು.

"ನೋಡಿದ್ರು," ಅಂದಳು.

ಠಾಣೆಯಲ್ಲಿ ಹೇಳಿಕೆ ಕೊಟ್ಟಳು. ಕರೀಮ್ ಹೊರಗೆ ಬಂದ, ಮತ್ತೆ ತೆಪ್ಪ ಇಳಿಸಲಿಲ್ಲ. ಅವಳ ಮೇಲೆ ಕೇಸಾಯಿತು, ಜಾಮೀನೂ ಸಿಕ್ಕಿತು. ಕೊಟ್ರೇಶ್ ಮಗಳನ್ನು ಜಗಳೂರಿನ ತನ್ನ ಅಕ್ಕನ ಮನೆಗೆ ಒಯ್ದ. ಕಲ್ಪನಾ ನ್ಯಾಮತಿಯ ತವರು ಸೇರಿದಳು. ಅಲ್ಲಿಯೂ ಅವಳ ಅಪ್ಪ ಅವಳ ಕೈಯಿಂದ ನೀರಿನ ಚೊಂಬು ತೆಗೆದುಕೊಳ್ಳುವಾಗ ಬೇರೆ ಕಡೆ ನೋಡುತ್ತಾನೆ.

ಒಮ್ಮೊಮ್ಮೆ ಸಂಜೆ ಕೊಟ್ರೇಶನ ನಂಬರಿನಿಂದ ಫೋನ್ ಬರುತ್ತದೆ. ಮಗಳು ತಿಂದದ್ದು, ಆಡಿದ್ದು ಎಲ್ಲ ಹೇಳಿ ಓಡಿಹೋಗುತ್ತಾಳೆ. ಅವನು ಮಾತಾಡುವುದಿಲ್ಲ, ಫೋನನ್ನೂ ಇಡುವುದಿಲ್ಲ. ಕಲ್ಪನಾ ಅವನ ಉಸಿರು ಕೇಳಿಸಿಕೊಳ್ಳುತ್ತ ನಿಂತೇ ಇರುತ್ತಾಳೆ.