ಒಣ ನೆಲ

ನೊರೆ ಮೂಗಿನೊಳಗೆ ಹೋಯಿತು, ಸೀನಬೇಕು, ಸೀನಿದರೆ ಕತ್ತಿ ಗಂಟಲಲ್ಲಿ, ಕ್ಷೌರದವನಿಗೆ ಅದರ ಪರಿವೆಯೇ ಇಲ್ಲ, ಅವನ ಒಂದು ಕಣ್ಣು ಗೋಡೆಯ ಟೀವಿಯ ಮೇಲೆ, ಇನ್ನೊಂದು ಕಣ್ಣೂ ಅಲ್ಲೇ, ಕೈ ಮಾತ್ರ ಇಲ್ಲಿ, ಕಂಬನ ಕೆನ್ನೆಯ ಮೇಲೆ — ಬಾಕ್ಸಿಂಗ್ ಜಿಮ್ಮಿನಲ್ಲಿ ಎಲ್ಲರೂ ಇಟ್ಟ ಹೆಸರು ಕಂಬ, ದೊಡ್ಡಣ್ಣನ ಅಭ್ಯಾಸಕ್ಕೆ ಎದುರು ನಿಂತು ಗುದ್ದಿಸಿಕೊಳ್ಳುವುದೇ ಉದ್ಯೋಗ, ಕೆಲಸ ಸಿಕ್ಕಿತು ಎಂದಾಗ ಅಮ್ಮ ಬೆರಗಾಗಿದ್ದಳು, ಏನೋ, ಏಟು ತಿನ್ನೋಕೂ ಸಂಬಳ ಕೊಡ್ತಾರಾ, ಇಷ್ಟು ವರ್ಷ ನಾನು ಬಿಟ್ಟಿ ಹೊಡೆದು ದಂಡ ಮಾಡ್ಕೊಂಡ್ನಲ್ಲೋ — ಈಗ ಟೀವಿಯಲ್ಲಿ ಅದೇ ದೊಡ್ಡಣ್ಣ, ಹೆವಿವೇಟ್ ಚಾಂಪಿಯನ್, ಆ ಕುತ್ತಿಗೆಗೆ ಟೈ ಬಿಗಿದ ಪುಣ್ಯಾತ್ಮ ಯಾರೋ, ಕಣ್ಣೊರೆಸಿಕೊಳ್ಳುತ್ತಿದ್ದಾನೆ, ನಿವೃತ್ತಿಯಂತೆ, ನಿವೃತ್ತಿ! ಮುಂದಿನ ಪಂದ್ಯ ನಿನ್ನ ಜೊತೆಗೇ ಕಣೋ ಎಂದು ಬೆನ್ನು ತಟ್ಟಿ ಮಾತು ಕೊಟ್ಟವನು, ಅದನ್ನೇ ನೆಚ್ಚಿಕೊಂಡು ಕಂಬ ಹಗಲೂ ರಾತ್ರಿ ಮೈ ಹಣ್ಣು ಮಾಡಿಕೊಂಡ, ಇವನನ್ನು ಬೀಳಿಸಬೇಕು, ಎಲ್ಲರ ಕಣ್ಣೆದುರು ಬೀಳಿಸಬೇಕು, ಬೇರೇನೂ ಬೇಡ — ಈಗ ಆಸಾಮಿ ಕೋಟು ಹಾಕಿಕೊಂಡು ಅಳುತ್ತಾನೆ. ಮುಗೀತು ಬಿಡಿ ಸ್ವಾಮಿ, ಕ್ಷೌರದವನು ಉಸಿರುಬಿಟ್ಟ, ಈ ಮನುಷ್ಯ ಇಲ್ಲ ಅಂದ್ಮೇಲೆ ಬಾಕ್ಸಿಂಗ್ ಏನಿದೆ, ಇಬ್ಬರು ಅಂಗಿ ಇಲ್ದೆ ಜಗಳ ಆಡೋದು ಅಷ್ಟೆ. ಬೆಂಚಿನ ಮೇಲೆ ಕಾಯುತ್ತಿದ್ದ ಮುದುಕ, ಬಸ್ ಕಂಡಕ್ಟರಾಗಿ ಸವೆದವನು, ಪೇಪರು ಮಡಿಸಿದ, ಏನ್ ಮಾತಯ್ಯ ಇದು, ಇಷ್ಟು ವರ್ಷ ಸೀಟಿಗೆ ಅಂಟ್ಕೊಂಡು ಕೂತಿದ್ದ, ಅವನಿಳಿದ್ರೆ ತಾನೆ ನಿಂತವ್ರು ಕೂರೋದು, ಆಟಕ್ಕೆ ಒಳ್ಳೇದೇ. ಅವನಿಳಿದ್ರೆ ಬಸ್ಸೇ ಖಾಲಿ ಆಗುತ್ತೆ ಅಂತ ನಾನು ಹೇಳ್ತಿರೋದು. ಖಾಲಿ ಬಸ್ಸೂ ಓಡುತ್ತಯ್ಯ, ನಾನು ಓಡಿಸಿದೀನಿ. ನೀವು ಓಡಿಸಿಲ್ಲ, ಟಿಕೆಟ್ ಹರಿದಿದೀರಿ — ಅಯ್ಯೋ ನಿಮ್ಮ ಬಸ್ಸಿಗಿಷ್ಟು ಬೆಂಕಿ ಬೀಳ, ಕಂಬ ನೊರೆಯೊಳಗೇ ಹಲ್ಲು ಕಡಿದ, ಸೀಟು ಯಾರಿಗೆ ಬೇಕಾಗಿತ್ತು, ಕಾಲರ್ ಹಿಡಿದು ಎಬ್ಬಿಸಿ ಕೂರಬೇಕಿತ್ತು, ಅವರೇ ಎದ್ದು ಕೊಡುವ ಸೀಟು ಮುದುಕರಿಗೆ, ಬಸುರಿಯರಿಗೆ — ಅಲುಗಾಡ್ಬೇಡಪ್ಪ, ಕಿವಿ ಹೋಗುತ್ತೆ.

ಒಂದು ಸಲವೂ ಯಾರೂ ನನ್ನನ್ನು ಕೆಡವಲಿಲ್ಲ, ಟೀವಿಯಲ್ಲಿ ದೊಡ್ಡಣ್ಣ ಗದ್ಗದಿತನಾದ, ಸುಳ್ಳು, ಹಸಿ ಸುಳ್ಳು, ಹೋದ ತಿಂಗಳು ಅಭ್ಯಾಸದಲ್ಲಿ ಏನಾಯಿತು ಹಾಗಾದರೆ, ಬಾಕ್ಸಿಂಗ್ ಕಲಿಸುವ ಮೇಷ್ಟ್ರು ಗೋಡೆಗೆ ಮುಖ ಮಾಡಿ ಫೋನಿನಲ್ಲಿ ಹೆಂಡತಿಯ ಹತ್ತಿರ ಬೈಸಿಕೊಳ್ಳುತ್ತಿದ್ದರು, ಕಂಬನ ಎಡಗೈ ಯಾರನ್ನೂ ಕೇಳದೆ ತಾನಾಗಿ ಹೋಗಿ ಗದ್ದದ ಕೆಳಗೆ ಕೂತಿತು, ದೊಡ್ಡಣ್ಣನೂ ಕೂತ, ಊಟಕ್ಕೆ ಕರೆದ ಹಾಗೆ ಚಕ್ಕಳಮಕ್ಕಳ ಹಾಕಿ ಕೂತ, ಬಾಯೊಳಗಿದ್ದ ಹಲ್ಲಿನ ಗಾರ್ಡು ಹಾರಿ ರಿಂಗಿನ ನಡುವೆ ಬಿತ್ತು, ಕೆಂಪಗೆ, ಬಾಗಿಕೊಂಡು, ತನ್ನಷ್ಟಕ್ಕೆ ನಗುತ್ತಾ. ಜಾರಿತು ಕಣೋ, ದೊಡ್ಡಣ್ಣ ಎಂದ, ನೆಲ ಒದ್ದೆ. ಜಿಮ್ಮಿನ ಕಟ್ಟಳೆ ಅದು, ಬೆವರಿಗೆ ಯಾರಾದರೂ ಜಾರಿದರೆ ನಿಂತಿರುವವನೇ ನೆಲ ಒರೆಸಬೇಕು, ಕಂಬ ಓಡಿಹೋಗಿ ಬಟ್ಟೆ ತಂದ, ತಪ್ಪಾಯ್ತಣ್ಣ ಎಂದ — ತಪ್ಪಾಯ್ತಂತೆ! ಲೋಕದಲ್ಲಿ ಎದುರಾಳಿಯನ್ನು ಬೀಳಿಸಿ ತಪ್ಪಾಯ್ತು ಎಂದ ಬಾಕ್ಸರು ಇನ್ನೊಬ್ಬನಿದ್ದರೆ ತೋರಿಸಿ — ಮೊಣಕಾಲೂರಿ ಒರೆಸಿದ, ಬಟ್ಟೆ ತಿರುಗಿಸಿ ನೋಡಿದ, ಒಣಗಿದೆ, ಒಂದು ತೊಟ್ಟೂ ಇಲ್ಲ, ತಲೆ ಎತ್ತಿದರೆ ದೊಡ್ಡಣ್ಣನೂ ಬಟ್ಟೆಯನ್ನೇ ನೋಡುತ್ತಿದ್ದಾನೆ, ನೋಡುತ್ತಲೇ, ಮೂಲೇಲೂ ಒರೆಸು ಎಂದ, ಇವನು ಮೂಲೆಯಲ್ಲೂ ಒರೆಸಿದ, ಕತ್ತೆ. ಅವತ್ತಿನಿಂದ ದೊಡ್ಡಣ್ಣನಿಗೆ ಸೊಂಟನೋವು, ನೆಗಡಿ, ಭಾವಮೈದುನನ ಗೃಹಪ್ರವೇಶ, ರಿಂಗಿನ ಕಡೆ ತಲೆ ಹಾಕಿಲ್ಲ, ಇವತ್ತು ಟೀವಿ — ಹೇಳಿಬಿಡುತ್ತೇನೆ, ಈ ಕತ್ತಿ ಸರಿಯಲಿ, ಇಲ್ಲೇ ಹೇಳುತ್ತೇನೆ, ನಂಬುತ್ತಾರಾ, ಇನ್ನೊಂದು ಕೆನ್ನೆಯಲ್ಲಿ ನೊರೆ ಇಟ್ಟುಕೊಂಡು ಹೇಳಿದರೆ ಯಾರು ನಂಬುತ್ತಾರೆ — ಸರ್, ನಿಮ್ಮ ಜಾಗಕ್ಕೆ ಮುಂದೆ ಯಾರು ಸರ್, ಯಾರೋ ಮೈಕು ಚಾಚಿದರು. ದೊಡ್ಡಣ್ಣ ಅಳು ನಿಲ್ಲಿಸಿದ. ನೇರ ಕ್ಯಾಮೆರಾ ನೋಡಿದ, ಕ್ಯಾಮೆರಾದೊಳಗಿಂದ ನೇರ ಈ ಕುರ್ಚಿಯನ್ನು. ನಮ್ಮ ಜಿಮ್ಮಲ್ಲೇ ಒಬ್ಬ ಇದಾನೆ, ತಮ್ಮನ ಹಾಗೆ. ಹೇಗೆ ಆಡ್ತಾರೆ ಸರ್? ಅದು ಗೊತ್ತಿಲ್ಲ, ಆದ್ರೆ ಒಣ ನೆಲಾನ ಅಷ್ಟು ಚೆನ್ನಾಗಿ ಒರೆಸೋನನ್ನ ನಾನು ಇನ್ನೊಬ್ಬನ್ನ ನೋಡಿಲ್ಲ. ಟೀವಿಯಲ್ಲಿ ಎಲ್ಲರೂ ಗೊಳ್ಳೆಂದರು, ಕಂಡಕ್ಟರು ಬೆಂಚು ಗುದ್ದಿ ನಕ್ಕ, ನೋಡಯ್ಯ, ಬಾಕ್ಸರ್ ಕೇಳಿದ್ರೆ ಕಸ ಗುಡಿಸೋನನ್ನ ತೋರಿಸ್ತಾನೆ. ಕ್ಷೌರದವನು ಕತ್ತಿಯನ್ನು ಎತ್ತಿ ಹಿಡಿದ, ನೀನೂ ಅದೇ ಜಿಮ್ಮಲ್ವೇನಪ್ಪ, ಯಾರದು ನೆಲ ಒರೆಸೋನು, ಈ ಮುದುಕಪ್ಪಂಗೆ ನೀನೇ ಹೇಳು, ಅವನು ಬಿಟ್ಟಿದ್ದು ಆಟಕ್ಕೆ ಒಳ್ಳೇದೋ ಕೆಟ್ಟದ್ದೋ. ಕತ್ತಿ ಸರಿದಿದೆ, ಬಾಯಿ ತೆರೆಯಬಹುದು, ಬೈಗುಳಗಳೆಲ್ಲ ನಾಲಿಗೆಯ ತುದಿಯಲ್ಲಿ ಸಾಲಾಗಿ ನಿಂತಿವೆ — ಆದರೆ ದೊಡ್ಡಣ್ಣ ಹಂಗಿಸಿದನೋ, ಒಪ್ಪಿಕೊಂಡನೋ, ಇಷ್ಟು ಜನರೆದುರು, ಅಳು ನಿಲ್ಲಿಸಿ, ಇವನೊಬ್ಬನಿಗೇ ತಿಳಿಯುವ ಹಾಗೆ — ಬಾಯಿ ತೆರೆದ, ಕಣ್ಣೆದುರು ಮತ್ತೆ ಅದೇ ರಿಂಗು, ನೆಲ ಒಣಗಿತ್ತು, ಕೈಯಲ್ಲಿನ ಬಟ್ಟೆ ಒಣಗಿತ್ತು, ನಡುವೆ ಆ ಕೆಂಪು ಗಾರ್ಡು ಹಲ್ಲಿಲ್ಲದೆ ನಗುತ್ತಿತ್ತು.