ಗಂಟೆಗೆ ಮೊದಲು

ನನ್ನ ದನಿ ಮೂರನೆಯ ಬೆಂಚು ದಾಟುವುದಿಲ್ಲ. ಇದನ್ನು ಯಾರಿಗೂ ಹೇಳಿಲ್ಲ. ದಿನಚರಿಯಲ್ಲೂ ಒಂದೇ ಸಲ ಬರೆದದ್ದು, ಅದೂ ಪೆನ್ಸಿಲ್ಲಿನಲ್ಲಿ. ಉಳವಿಯಿಂದ ಸೊರಬಕ್ಕೆ ಬಂದು, ಅಲ್ಲಿ ಬಸ್ಸು ಬದಲಿಸಿ ಶಿಕಾರಿಪುರಕ್ಕೆ ಟಿಕೆಟ್ ಕೇಳಿದರೆ ಕಂಡಕ್ಟರು ದಿನಾ "ಎಲ್ಲಿಗಮ್ಮ?" ಎಂದು ಬಾಗಿ ಇನ್ನೊಮ್ಮೆ ಕೇಳುತ್ತಾನೆ. ಟೀಚರಾಗಲು ಬಿ.ಎಡ್. ಓದುತ್ತಿರುವವಳ ಗಂಟಲು ಇದು. ಹಾಗಾಗಿ ಮನೋವಿಜ್ಞಾನದ ಸದಾಶಿವಪ್ಪ ಸರ್ ಪ್ರಯೋಗಕ್ಕೆ ಗಂಟೆ ಬಾರಿಸಲು ಒಬ್ಬರು ಬೇಕು ಎಂದಾಗ ನಾನೇ ಕೈ ಎತ್ತಿದೆ. ಬಾಯಿ ಬಿಡಬೇಕಾಗಿಲ್ಲದ ಕೆಲಸ.

ಕಲಿಕೆಯ ಅಧ್ಯಾಯ ಬಂದಾಗ ಸರ್ ಪ್ರತಿ ವರ್ಷ ಈ ಪ್ರಯೋಗ ಮಾಡುತ್ತಾರಂತೆ. ನಾಯಿಗೆ ಗಂಟೆ ಬಾರಿಸಿ ಅನ್ನ ಹಾಕುತ್ತಾ ಹೋದರೆ ಕೊನೆಗೆ ಬರೀ ಗಂಟೆಗೇ ಜೊಲ್ಲು ಸುರಿಯುತ್ತದೆ ಎಂದು ಪಠ್ಯದಲ್ಲಿದೆ. ನಮ್ಮ ಕಡೆಯ ಹುಡುಗರಿಗೆ ಅನ್ನ ಹಾಕಿದರೆ ಬುದ್ಧಿ ಬರುವುದಿಲ್ಲ ಎಂದು ಸರ್ ಅನ್ನದ ಬದಲು ಏಟು ಇಟ್ಟುಕೊಂಡಿದ್ದರು. ಅವರು ತಲೆಯಾಡಿಸಿದಾಗ ನಾನು ಗಂಟೆ ಬಾರಿಸಬೇಕು. ಗಂಟೆ ಕೇಳಿದ ತಕ್ಷಣ ಬೋರ್ಡಿನ ಮೇಲೆ ಗೆರೆ ಎಳೆಯುವ ಉದ್ದನೆಯ ಮರದ ಸ್ಕೇಲಿನಿಂದ ಅಂಗೈಗೊಂದು ಏಟು. ಕೆಲವು ಸುತ್ತಿನ ನಂತರ ಬರೀ ಗಂಟೆಗೇ ಕೈ ಹಿಂದಕ್ಕೆ ಸರಿಯಬೇಕು. ಅದೇ ಅನುಬಂಧನ. ಆಮೇಲೆ ಏಟು ನಿಲ್ಲಿಸಿ ಗಂಟೆ ಮಾತ್ರ ಬಾರಿಸುತ್ತಾ ಹೋದರೆ ಆ ಹೆದರಿಕೆ ತಾನಾಗಿ ನಂದಿಹೋಗಬೇಕು.

ಕೈ ಚಾಚಲು ಕರೆದದ್ದು ತೀರ್ಥೇಶನನ್ನು. ಅಂಬ್ಲಿಗೊಳದ ಕಡೆಯವನು, ಬೆಳಿಗ್ಗೆ ಅಕ್ಕಿ ಗಿರಣಿಯಲ್ಲಿ ಮೂಟೆ ಹೊತ್ತು ಕ್ಲಾಸಿಗೆ ಬರುತ್ತಾನೆ. ಸರ್ ತಲೆಯಾಡಿಸಿದರು, ನಾನು ಬಾರಿಸಿದೆ, ಸ್ಕೇಲು ಬಿತ್ತು. ಮತ್ತೆ ಗಂಟೆ, ಮತ್ತೆ ಏಟು. ಮೊದಮೊದಲು ಹಿಂದಿನ ಬೆಂಚಿನವರು ನಕ್ಕರು. ಆಮೇಲೆ ಅಂಗೈ ಕೆಂಪಾಗಿ, ಬೆರಳಿನ ಬುಡದಲ್ಲಿ ಚರ್ಮ ಎದ್ದು ರಕ್ತ ಜಿನುಗಿತು. ಪ್ರತಿ ಗಂಟೆಗೂ ಕಣ್ಣು ಮುಚ್ಚುತ್ತಿದ್ದವಳು ನಾನು. ಅವನ ಕೈ ಮಾತ್ರ ಇಟ್ಟಲ್ಲೇ ಇತ್ತು.

ಸರ್ ಇನ್ನಷ್ಟು ಎತ್ತಿ ಹೊಡೆದರು. ಕೈ ಸರಿಯಲಿಲ್ಲ.

"ನಮ್ಮ ಹೈಸ್ಕೂಲಲ್ಲಿ ಗಂಟೆ ಇಲ್ದೆನೇ ಹೊಡೀತಿದ್ರು ಸರ್," ಎಂದ ತೀರ್ಥೇಶ್, ತಪ್ಪು ತನ್ನದೇ ಎನ್ನುವ ಹಾಗೆ. "ಹಂಗಾಗಿ ನಂಗೆ ಇದು ನಾಟ್ತಾ ಇಲ್ಲ."

ಕ್ಲಾಸು ಗೊಳ್ಳೆಂದಿತು. ಸರ್ ಕೂಡ ನಕ್ಕರು. ಆದರೆ ಅವರ ಕಿವಿ ಕೆಂಪಾದದ್ದನ್ನು ಪಕ್ಕದಲ್ಲೇ ನಿಂತಿದ್ದ ನಾನು ಕಂಡೆ. ಆ ನಗುವಿನ ಗದ್ದಲದಲ್ಲಿ ನಮ್ಮಿಬ್ಬರಿಗಷ್ಟೇ ಕೇಳುವ ಹಾಗೆ, ಈಗ ನಂದಿಸುವ ಹಂತ, ಬರೀ ಗಂಟೆ, ಏಟಿಲ್ಲ ಎಂದರು. ಕೈ ಇಳಿಸಿ ಕಣ್ಣು ಮುಚ್ಚಿಕೊಳ್ಳಲು ಹೇಳಿದರು. ತೀರ್ಥೇಶ್ ಮುಚ್ಚಿಕೊಂಡ. ನಾನು ಗಂಟೆಯ ನಾಲಗೆಯನ್ನು ಬೆರಳಿನಿಂದ ಅದುಮಿ ಹಿಡಿದು ಅವರು ತಲೆಯಾಡಿಸುವುದನ್ನೇ ಕಾದೆ.

ಅವರು ತಲೆಯಾಡಿಸಲಿಲ್ಲ. ಸ್ಕೇಲನ್ನು ಅಂಚಿನ ಕಡೆಗೆ ತಿರುಗಿಸಿ, ಎರಡೂ ಕೈಯಲ್ಲಿ ಹಿಡಿದು ಅವನ ಕಿವಿಯ ಮೇಲೆ ಬೀಸಿದರು.

ಹಸಿ ಕಟ್ಟಿಗೆ ಸೀಳಿದ ಸದ್ದು. ತೀರ್ಥೇಶ್ ಮೇಜಿಗೆ ಬಡಿದು ಎದ್ದ. ಕಿವಿಯೊಳಗಿನಿಂದ ಬಂದ ರಕ್ತ ಕತ್ತಿನ ಗುಂಟ ಅಂಗಿಯೊಳಗೆ ಇಳಿಯುತ್ತಿತ್ತು. ಅವನು ಸ್ಕೇಲು ಕಿತ್ತುಕೊಂಡು ತಿರುಗಿ ಬೀಸಿದ. ಸರ್ ಅವರ ಕನ್ನಡಕ ಹಾರಿತು, ಹುಬ್ಬು ಬಿರಿಯಿತು. ಅವನು ಅವರ ಕಾಲರು ಹಿಡಿದು ಬೆನ್ನನ್ನು ಬೋರ್ಡಿಗೆ ಅಪ್ಪಳಿಸಿದ. ಆಗ ನನ್ನ ಕೈಯಿಂದ ಗಂಟೆ ಜಾರಿ ನೆಲದ ಮೇಲೆ ಠಣಠಣ ಎನ್ನುತ್ತಾ ಉರುಳಿತು. ಅದು ಉರುಳುತ್ತಿರುವಾಗಲೇ ಹಿಂದಿನ ಬೆಂಚಿನ ಲೋಕೇಶ ಮತ್ತು ಅವನ ಜೊತೆಯವರು ಬೆಂಚು ಹಾರಿ ಬಂದು ತೀರ್ಥೇಶನನ್ನು ಕೆಡವಿದರು. ಗುರುಗಳ ಮೇಲೆ ಕೈ ಮಾಡ್ತಾನಂತೆ ಎಂದು ಒದ್ದರು. ಹೊಟ್ಟೆಗೆ, ಬೆನ್ನಿಗೆ, ತಲೆಗೆ. ಗಂಟೆ ಯಾರದೋ ಕಾಲಿಗೆ ಸಿಕ್ಕಿ ಮತ್ತೆ ಮತ್ತೆ ಸದ್ದು ಮಾಡುತ್ತಿತ್ತು. ಮುಂದಿನ ವರ್ಷ ಮಕ್ಕಳಿಗೆ ಪಾಠ ಹೇಳಲಿದ್ದ ಕಾಲುಗಳು ಅವು.

ಮರುದಿನ ಎಲ್ಲರನ್ನೂ ಪ್ರಾಂಶುಪಾಲೆ ನರ್ಮದಾ ಮೇಡಂ ಕೋಣೆಗೆ ಕರೆದರು. ಹುಬ್ಬಿಗೆ ಪಟ್ಟಿ ಹಾಕಿಕೊಂಡಿದ್ದ ಸದಾಶಿವಪ್ಪ ಸರ್ ಶಾಂತವಾಗಿ ಹೇಳಿದರು. ಗಂಟೆಯ ಸದ್ದಾಯಿತು, ಪಾಠದ ಪ್ರಕಾರ ತಾನು ಹೊಡೆದೆ, ಇವನು ತಲೆ ಬಗ್ಗಿಸಿದ್ದರಿಂದ ಕಿವಿಗೆ ತಾಗಿತು. ಪ್ರಯೋಗಕ್ಕೆ ಒಪ್ಪಿಕೊಂಡು ಬಂದು ನಿಂತವನೇ ಹಲ್ಲೆ ಮಾಡಿದ. ಗಂಟೆಯ ಸದ್ದು ಕೇಳಿದೆವು ಎಂದು ಲೋಕೇಶ ಹೇಳಿದ, ಉಳಿದವರೂ ಹೇಳಿದರು. ಅವರು ಸುಳ್ಳು ಹೇಳಲಿಲ್ಲ. ಆ ಗದ್ದಲದಲ್ಲಿ ಯಾವುದು ಮೊದಲು ಎಂದು ಯಾರಿಗೆ ಗೊತ್ತು? ನನಗೆ ಗೊತ್ತು. ಪಕ್ಕದಲ್ಲಿ ನಿಂತಿದ್ದ ಗೆಳತಿ ನಾಗವೇಣಿ ನನ್ನ ಮೊಣಕೈ ಚಿವುಟಿ, "ಸುಮ್ನಿರೆ ಮಾರಾಯ್ತಿ, ಇಂಟರ್ನಲ್ ಮಾರ್ಕ್ಸ್ ಅವ್ರ ಕೈಲೇ ಇರದು," ಎಂದು ಉಸುರಿದಳು. ಸುಮ್ಮನಿರುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ತೀರ್ಥೇಶನ ಕಿವಿಯ ತಮಟೆ ಹರಿದಿತ್ತು. ಹತ್ತಿ ತುರುಕಿಕೊಂಡು, ಮಾತು ಬಂದ ಕಡೆಗೆ ಇನ್ನೊಂದು ಕಿವಿ ತಿರುಗಿಸುತ್ತಾ ನಿಂತಿದ್ದ. ಏನಾಯಿತೆಂದು ಮೇಡಂ ಕೇಳಿದರೆ, ಕಣ್ಣು ಮುಚ್ಚಿದ್ದೆ, ಗಂಟೆ ಕೇಳಿದ ನೆನಪಿಲ್ಲ ಎಂದಷ್ಟೇ ಹೇಳಿದ. ನೆನಪಿಲ್ಲ ಅನ್ನುವುದು ಉತ್ತರವಲ್ಲ ಎಂದರು ಸರ್. ಇವನನ್ನು ಕಾಲೇಜಿನಿಂದ ತೆಗೆದು ಪೊಲೀಸಿಗೆ ಕೊಡದೆ ಬೇರೆ ದಾರಿ ಕಾಣುತ್ತಿಲ್ಲ ಎಂದರು ಮೇಡಂ.

ಬಾಗಿಲಲ್ಲಿ ನಿಂತಿದ್ದ ಅವನ ತಾಯಿ ಗುಡ್ಡಮ್ಮ ಒಳಗೆ ಬಂದಳು. ಮೇಡಂ ಕಾಲಿಗೆ ಬೀಳುತ್ತಾಳೆ ಎಂದುಕೊಂಡೆ. ಅವಳು ಬಗ್ಗಿದ್ದು ಚಪ್ಪಲಿ ತೆಗೆಯಲು.

"ಗುರುಗಳ ಮ್ಯಾಲೆ ಕೈ ಮಾಡಿಯೇನ್ಲೇ? ನಾನು ಇದಕ್ಕೇ ಓದ್ಸಿದ್ನೇನ್ಲೇ?"

ಮುಖಕ್ಕೆ ಹೊಡೆದಳು. ಅವನು ತಪ್ಪಿಸಿಕೊಳ್ಳಲಿಲ್ಲ. ಭುಜಕ್ಕೆ, ತಲೆಗೆ, ಮತ್ತೆ ಮುಖಕ್ಕೆ. ಹತ್ತಿ ಕೆಳಗೆ ಬಿತ್ತು, ಕಿವಿಯಿಂದ ಮತ್ತೆ ರಕ್ತ ಬಂತು. ಹೊಡೆಯುತ್ತಲೇ ಅವಳು ಸದಾಶಿವಪ್ಪ ಸರ್ ಕಡೆ ನೋಡುತ್ತಿದ್ದಳು, ಇಷ್ಟು ಸಾಕೇ ಎಂದು ಕೇಳುವವಳಂತೆ. "ನಾನೇ ಬಡೀತೀನ್ರಿ ಯಪ್ಪಾ. ಸೀಟೊಂದು ಕಿತ್ಕಬ್ಯಾಡ್ರಿ." ಸರ್ ಸಾಕು ಎನ್ನಲಿಲ್ಲ. ತುಟಿ ಒಡೆದು ಅವನ ಹಲ್ಲೆಲ್ಲ ಕೆಂಪಾಯಿತು. ಅವಳ ಕೈಯ ಬಳೆ ಒಡೆದು ಅವಳದೇ ಮಣಿಕಟ್ಟು ಸೀಳಿತು. ಆದರೂ ನಿಲ್ಲಿಸಲಿಲ್ಲ.

ನೋಡಲಾಗದೆ ಮೇಡಂ ಜವಾನನನ್ನು ಕರೆಯಲು ಮೇಜಿನ ಮೇಲಿನ ಗಂಟೆ ಒತ್ತಿದರು. ಸಣ್ಣ ಗಂಟೆ, ಟಿಣ್ ಎಂದಿತು, ಅಷ್ಟೇ. ತಾಯಿಯ ಏಟಿಗೆ ಕಂಬದ ಹಾಗೆ ನಿಂತಿದ್ದ ತೀರ್ಥೇಶ್ ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡು ನೆಲಕ್ಕೆ ಕುಸಿದ. ಮೊಣಕಾಲು ಹೊಟ್ಟೆಗೆ ಸೆಳೆದುಕೊಂಡು ಮುದುಡಿದ.

ಗುಡ್ಡಮ್ಮನ ಕೈ ಎತ್ತಿದಲ್ಲೇ ನಿಂತಿತು.

"ನೋಡಿದ್ರಾ ಮೇಡಂ," ಎಂದರು ಸದಾಶಿವಪ್ಪ ಸರ್, ಹುಬ್ಬಿನ ಪಟ್ಟಿ ಮುಟ್ಟಿಕೊಳ್ಳುತ್ತಾ, ಸ್ವಲ್ಪ ನಕ್ಕು. "ನಿನ್ನೆ ಆಗ್ಲಿಲ್ಲ ಅಂದ್ಕೊಂಡಿದ್ದೆ. ಪ್ರಯೋಗ ಸರಿಯಾಗೇ ಆಗಿದೆ."

ಲೋಕೇಶನೂ ನಗಲಿಲ್ಲ. ನನ್ನ ಬೆರಳಿಗೆ ಇದ್ದಕ್ಕಿದ್ದಂತೆ ಆ ಹಿತ್ತಾಳೆ ಗಂಟೆಯ ತಂಪು ನೆನಪಾಯಿತು. ನಾಲಗೆಯನ್ನು ಅದುಮಿ ಹಿಡಿದದ್ದು, ಅವರ ತಲೆ ಅಲ್ಲಾಡದೆ ಸ್ಕೇಲು ಮಾತ್ರ ಎದ್ದದ್ದು. ನಾಗವೇಣಿ ಮತ್ತೆ ಚಿವುಟಿದಳು. ಮೊಣಕೈ ಬಿಡಿಸಿಕೊಂಡು ಮೇಜಿನ ಮುಂದೆ ಹೋಗಿ ನಿಂತೆ. ಬಾಯಿ ತೆರೆದರೆ ಮೊದಲ ಸಲ ಬರೀ ಗಾಳಿ ಬಂತು. ಮೇಡಂ ಬಾಗಿ, "ಏನು ರಂಜನಾ?" ಎಂದರು.

"ನಾನು ಗಂಟೆ ಬಾರಿಸಿರ್ಲಿಲ್ಲ ಮೇಡಂ," ಎಂದೆ. ಹೊರಗೆ ಕಾರಿಡಾರಿನಲ್ಲಿ ನಿಂತಿದ್ದವರೂ ಒಳಗೆ ತಿರುಗಿ ನೋಡಿದರು. "ಬರೀ ಗಂಟೆ, ಏಟಿಲ್ಲ ಅಂತ ಕಣ್ಣು ಮುಚ್ಚಿಸಿ, ಅದಕ್ಕೂ ಮೊದ್ಲೇ ಸರ್ ಹೊಡೆದ್ರು. ಇವ್ರೆಲ್ಲ ಕೇಳಿದ್ದು ಆಮೇಲೆ ನನ್ನ ಕೈಯಿಂದ ಬಿದ್ದ ಗಂಟೆ."